'ತಮ್ಮ ಗೋದಾಮು' ಅಂದ್ರೆ ಯಾರ ಗೋದಾಮು? ವ್ಯವಹಾರದ ಪತ್ರವನ್ನು ಗೊಂದಲವಿಲ್ಲದೆ ಬರೆಯುವ ಬಗೆ

ರಾತ್ರಿ ಒಂಬತ್ತು ಗಂಟೆಗೆ ಲಾರಿ ಡ್ರೈವರ್ ಫೋನ್ ಮಾಡಿದ್ದ. "ಅಣ್ಣ, ಇಲ್ಲಿ ಬೀಗ ಹಾಕವ್ರೆ. ಯಾರೂ ಇಲ್ಲ." ಫೋನ್ ಹೋದದ್ದು ತುಮಕೂರಿನ ಅಂತರಸನಹಳ್ಳಿಯಲ್ಲಿ ತೆಂಗಿನ ನಾರಿನ ಹಗ್ಗ ಮಾಡುವ ಯಜಮಾನರೊಬ್ಬರಿಗೆ. ಅವರ ಮ್ಯಾನೇಜರ್ ಅದೇ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ತಿಪಟೂರಿನಲ್ಲಿ ಕೊಂಡವರ ಗೋದಾಮಿನ ಮುಂದೆ ಕಾದು, ಬೇಜಾರಾಗಿ ಬಸ್ ಹತ್ತಿದ್ದರು. ಸರಕು ತುಂಬಿದ ಲಾರಿ ಮಾತ್ರ ತಿಪಟೂರಿಂದ ಹೊರಟು 70 ಕಿ.ಮೀ. ದಾಟಿ ತುಮಕೂರಿಗೆ ಬಂದು ನಿಂತಿತ್ತು.

ತಪ್ಪು ನನ್ನದು. ಆ ಪತ್ರ ಟೈಪ್ ಮಾಡಿಕೊಟ್ಟವಳು ನಾನೇ. ಅದರಲ್ಲಿದ್ದ ವಾಕ್ಯ ಇದು:

"ವಾಪಸ್ ಬರುವ ಸುರುಳಿಗಳನ್ನು ನಮ್ಮ ಮ್ಯಾನೇಜರ್ ಅವರು ಮಂಗಳವಾರ ತಮ್ಮ ಗೋದಾಮಿನಲ್ಲಿ ಪಡೆದುಕೊಳ್ಳುತ್ತಾರೆ."

ಬರೆಸಿದವರ ಮನಸ್ಸಿನಲ್ಲಿ 'ತಮ್ಮ' ಅಂದ್ರೆ ಪತ್ರ ಓದುವವರ ಗೋದಾಮು. ಓದಿದವರಿಗೆ 'ತಮ್ಮ' ಅಂದ್ರೆ ಮ್ಯಾನೇಜರ್ ಅವರ ಸ್ವಂತ ಗೋದಾಮು. ವ್ಯಾಕರಣ ಕೇಳಿದರೆ ಇಬ್ಬರೂ ಸರಿ. ಲಾರಿ ಬಾಡಿಗೆ ಕೊಟ್ಟದ್ದು ಮಾತ್ರ ಒಬ್ಬರೇ.

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. "ಮೇಡಂ, ಒಂದು ಲೆಟರ್ ಮಾಡ್ಕೊಡಿ" ಅಂತ ದಿನಕ್ಕೆ ಹತ್ತಾರು ಜನ ಬರುತ್ತಾರೆ. ಬಾಕಿ ಹಣ ಕೇಳುವವರು, ಬೆಸ್ಕಾಂಗೆ ದೂರು ಕೊಡುವವರು, ಬ್ಯಾಂಕಿಗೆ ಬರೆಯುವವರು, ಮಂಡಿಯವರು, ಸಣ್ಣ ಕಾರ್ಖಾನೆಯವರು. ಆ ಲಾರಿ ಪ್ರಸಂಗ ಆದ ಮೇಲೆ ನಾನು ಸುಮ್ನೆ ಟೈಪ್ ಮಾಡುವುದನ್ನು ಬಿಟ್ಟೆ. ಈಗ ಒಂದು ಪತ್ರಕ್ಕೆ ಏನೇನು ಮಾಡುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು: ಬಾಯಲ್ಲಿ ಹೇಳಿ

ಕೀಲಿಮಣೆ ಮುಟ್ಟುವ ಮುಂಚೆ ಕೇಳುತ್ತೇನೆ, "ಪತ್ರ ಪಕ್ಕಕ್ಕಿಡಿ ಸಾರ್. ಅವರು ಇಲ್ಲೇ ಎದುರಿಗೆ ಕೂತಿದ್ರೆ ಏನು ಕೇಳ್ತೀರ?"

ಉತ್ತರ ಥಟ್ ಅಂತ ಬರುತ್ತದೆ: "ನಲವತ್ತು ಸಾವಿರ ಬರ್ಬೇಕು. ಮಾರ್ಚಲ್ಲಿ ಮಾಲು ಹಾಕಿದ್ದು. ಈ ಇಪ್ಪತ್ತರೊಳಗೆ ಹಾಕಿ ಅಂತೀನಿ."

ಪತ್ರ ಅಂದ್ರೆ ಅಷ್ಟೇ. ಏನು ಆಗಿದೆ, ಯಾರು ಏನು ಮಾಡಬೇಕು, ಯಾವಾಗಿನೊಳಗೆ. ಇದನ್ನು ಒಂದು ಚೀಟಿಯಲ್ಲಿ ಗೀಚಿಕೊಳ್ಳಿ. ವಿಚಿತ್ರ ನೋಡಿ, ಬಾಯಲ್ಲಿ ಇಷ್ಟು ಚೊಕ್ಕವಾಗಿ ಹೇಳಿದ ಮನುಷ್ಯನೇ ಕಾಗದ ಕಂಡ ಕೂಡಲೇ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ…" ಅಂತ ಶುರು ಮಾಡುತ್ತಾರೆ. ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡಿದ ಕಾಯ್ದೆ ಬಂದದ್ದು 1963ರಲ್ಲಿ. ಕಚೇರಿಗೆ ಕನ್ನಡದಲ್ಲಿ ಬರೆಯುವುದು ನಮ್ಮ ಹಕ್ಕು. ಆದರೆ ಕಚೇರಿಯವರ ಹಾಗೇ ಬರೆಯಬೇಕು ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲ.

ವಿಷಯದ ಸಾಲು

"ವಿಷಯ: ಬಾಕಿ ಹಣ ಪಾವತಿಸುವ ಬಗ್ಗೆ." ಯಾರು ಪಾವತಿಸುವುದು? ನೀವು ಕೊಡುತ್ತೀರೋ, ಅವರು ಕೊಡಬೇಕೋ? 'ಬಗ್ಗೆ', 'ಕುರಿತು' ಅನ್ನುವ ಪದಗಳು ವಿಷಯವನ್ನು ತೋರಿಸುತ್ತವೆ, ನಿಮಗೆ ಬೇಕಾದದ್ದನ್ನು ಹೇಳುವುದಿಲ್ಲ. ಟಪಾಲು ನೋಡುವ ಗುಮಾಸ್ತರು ಈ ಒಂದು ಸಾಲು ಓದಿಯೇ ಪತ್ರ ಯಾವ ಮೇಜಿಗೆ ಹೋಗಬೇಕು ಅಂತ ಗುರುತು ಹಾಕುತ್ತಾರೆ. ಅದಕ್ಕೇ ಹೀಗೆ ಬರೆಯಿರಿ:

"ವಿಷಯ: ಬಿಲ್ ಸಂಖ್ಯೆ 118ರ ಬಾಕಿ ರೂ. 40,000 ಪಾವತಿಸಲು ಕೋರಿಕೆ."

ಉಲ್ಲೇಖದಲ್ಲಿ ಎರಡು ಪತ್ರಗಳಿದ್ದರೆ 1, 2 ಅಂತ ಸಂಖ್ಯೆ ಕೊಡಿ. ಒಳಗೆ "ಸದರಿ ಪತ್ರ" ಅನ್ನುವ ಬದಲು "ಉಲ್ಲೇಖ 2ರ ಪತ್ರ" ಅನ್ನಿ. 'ಸದರಿ' ಅಂದ್ರೆ ಮೇಲೆ ಹೇಳಿದ ಅಂತ. ಮೇಲೆ ಎರಡು ಹೇಳಿದ್ದರೆ ಯಾವುದು?

'ಏನೆಂದರೆ' ಒಂದು ಕಡೆ, 'ವಿನಂತಿ' ಒಂದು ಕಡೆ

ಬೆಸ್ಕಾಂಗೆ ಬರೆದ ಒಂದು ದೂರನ್ನು ನೋಡಿ. ಇಂಥವು ವಾರಕ್ಕೆ ಎರಡಾದರೂ ಬರುತ್ತವೆ.

"ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಘಟಕಕ್ಕೆ ಮೂರು ಫೇಸ್ ಸಂಪರ್ಕವಿದ್ದು, ಕಳೆದ ಎರಡು ವಾರದಿಂದ ವೋಲ್ಟೇಜ್ ಕಡಿಮೆಯಿದ್ದು, ಒಂದು ಮೋಟಾರು ಸುಟ್ಟುಹೋಗಿದ್ದು, ಈ ಬಗ್ಗೆ ತಾವು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಈ ಮೂಲಕ ವಿನಂತಿಸಿಕೊಳ್ಳುತ್ತೇವೆ."

ವಿನಂತಿಯಿಂದ ಶುರುವಾಗಿ ವಿನಂತಿಯಲ್ಲೇ ಮುಗಿಯಿತು. 'ಏನೆಂದರೆ' ಅಂದ ಮೇಲೆ ಆ ವಿನಂತಿ ಏನು ಅನ್ನುವುದು ಬರಬೇಕು. ಬದಲಿಗೆ ಬಂದದ್ದು ಕಷ್ಟದ ಕಥೆ, ಆಮೇಲೆ ಮತ್ತೊಂದು ವಿನಂತಿ. ನಡುವೆ 'ಇದ್ದು, ಇದ್ದು, ಇದ್ದು'. ಇದಕ್ಕೆ ನಾನು ಇದ್ದು-ಸರಪಳಿ ಅಂತ ಹೆಸರಿಟ್ಟಿದ್ದೇನೆ. 'ಇದ್ದು' ಎಲ್ಲಿ ಕಾಣುತ್ತದೋ ಅಲ್ಲಿ ಪೂರ್ಣವಿರಾಮ ಹಾಕಿ 'ಇದೆ' ಅಂತ ಮಾಡಿ. ಹತ್ತರಲ್ಲಿ ಒಂಬತ್ತು ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

"ನಮ್ಮ ಘಟಕಕ್ಕೆ ಮೂರು ಫೇಸ್ ಸಂಪರ್ಕವಿದೆ. ಎರಡು ವಾರದಿಂದ ವೋಲ್ಟೇಜ್ ಕಡಿಮೆ ಬರುತ್ತಿದೆ. ಇದರಿಂದ ಒಂದು ಮೋಟಾರು ಸುಟ್ಟುಹೋಗಿದೆ. ದಯವಿಟ್ಟು ಸಿಬ್ಬಂದಿಯನ್ನು ಕಳಿಸಿ ಟ್ರಾನ್ಸ್‌ಫಾರ್ಮರ್ ಪರೀಕ್ಷೆ ಮಾಡಿಸಬೇಕೆಂದು ಕೋರುತ್ತೇವೆ."

'ಸೂಕ್ತ ಕ್ರಮ' ಹೋಯಿತು ಅಲ್ವಾ? ಅದು ಹೋಗಲೇಬೇಕಿತ್ತು. ಸೂಕ್ತ ಯಾವುದು ಅಂತ ಅವರಿಗೇ ಬಿಟ್ಟರೆ, ಕಡತದಲ್ಲಿ ಇಡುವುದೂ ಒಂದು ಸೂಕ್ತ ಕ್ರಮವೇ.

ಕ್ರಿಯಾಪದಕ್ಕೆ ಯಜಮಾನ ಯಾರು?

ಹಣಕಾಸಿನ ಪತ್ರಗಳು ಜಾಸ್ತಿ ಕೆಡುವುದು ಇಲ್ಲೇ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅದೇ ಹಗ್ಗದ ಯಜಮಾನರು ಮೊದಲು ತಂದಿದ್ದ ಕರಡು:

"ತಮ್ಮ ಆರ್ಡರಿನಂತೆ ಸುರುಳಿಗಳನ್ನು ತಯಾರಿಸಿ, ಮಾರ್ಚ್ 6ರಂದು ಲಾರಿಗೆ ಲೋಡ್ ಮಾಡಿ, ಗೋದಾಮಿಗೆ ತಲುಪಿಸಿ, ತೂಕ ಪರಿಶೀಲಿಸಿ, ಸಹಿ ಮಾಡಿ, ಬಿಲ್ಲನ್ನು ಪಡೆದು, ಎರಡು ತಿಂಗಳು ಕಳೆದರೂ ಹಣ ಪಾವತಿಸದೆ ಇರುವುದರಿಂದ ಬಹಳ ತೊಂದರೆಯಾಗಿರುತ್ತದೆ."

ಒಂದೊಂದೇ ಕ್ರಿಯೆಯ ಮೇಲೆ ಬೆರಳಿಡಿ. ತಯಾರಿಸಿದ್ದು ಇವರು. ಲೋಡ್ ಮಾಡಿದ್ದು ಇವರು. ತಲುಪಿಸಿದ್ದೂ ಇವರೇ. ತೂಕ ನೋಡಿದ್ದು? ಅವರು. ಸಹಿ ಮಾಡಿದ್ದು, ಬಿಲ್ ಪಡೆದದ್ದು ಅವರು. ಆದರೆ ವಾಕ್ಯದಲ್ಲಿ 'ನಾವು' ಇಲ್ಲ, 'ನೀವು' ಇಲ್ಲ. ಕನ್ನಡದಲ್ಲಿ 'ಮಾಡಿ, ನೋಡಿ, ಪಡೆದು' ಅಂತ ಅರ್ಧಕ್ಕೆ ನಿಲ್ಲುವ ಕ್ರಿಯಾಪದಗಳು ಸಾಮಾನ್ಯವಾಗಿ ಒಬ್ಬನೇ ಕರ್ತೃವಿನ ಹಿಂದೆ ನಡೆಯುತ್ತವೆ. 'ಅವನು ಊಟ ಮಾಡಿ ಮಲಗಿದ' ಅಂದ್ರೆ ಉಂಡವನೂ ಮಲಗಿದವನೂ ಒಬ್ಬನೇ. ಆ ಲೆಕ್ಕದಲ್ಲಿ ಮೇಲಿನ ವಾಕ್ಯ ಓದಿದರೆ, ಹಗ್ಗ ಮಾಡಿದವರೇ ತೂಕ ನೋಡಿ, ತಾವೇ ಸಹಿ ಮಾಡಿ, ತಾವೇ ಹಣ ಕೊಟ್ಟಿಲ್ಲ ಅಂತಾಗುತ್ತದೆ! ನಾಳೆ ತಕರಾರು ಬಂದರೆ "ತೂಕ ನೋಡಿದ್ದು ನಿಮ್ಮವರೇ ಅಂತ ನೀವೇ ಬರೆದಿದ್ದೀರಲ್ಲ" ಅಂತ ಅವರು ಹೇಳಬಹುದು.

'ಮಳೆ ಬಂದು ರಸ್ತೆ ಕೊಚ್ಚಿಹೋಯಿತು' ಅಂತ ನಾವು ಹೇಳುವುದಿಲ್ವಾ, ಅಲ್ಲಿ ಕರ್ತೃ ಎರಡು ಇದೆಯಲ್ಲ ಅಂತ ನೀವು ಕೇಳಬಹುದು. ಸರಿ. ಅಲ್ಲಿ ಎರಡನ್ನೂ ಬಾಯಿಬಿಟ್ಟು ಹೇಳಿದ್ದೇವೆ, ಒಂದರಿಂದ ಇನ್ನೊಂದು ಆಗಿದೆ. ವ್ಯವಹಾರದ ಪತ್ರದಲ್ಲಿ ಎದುರುಬದುರು ಎರಡು ಪಕ್ಷ ನಿಂತಿರುತ್ತವೆ. ಹೇಳದೆ ಬಿಟ್ಟರೆ ಓದುವವರು ತಮಗೆ ಅನುಕೂಲವಾದವರನ್ನು ತುಂಬಿಕೊಳ್ಳುತ್ತಾರೆ.

ತಿದ್ದಿದ ಮೇಲೆ:

"ಮಾರ್ಚ್ 6ರಂದು ನಾವು 120 ಸುರುಳಿಗಳನ್ನು ನಿಮ್ಮ ಗೋದಾಮಿಗೆ ತಲುಪಿಸಿದೆವು. ನಿಮ್ಮ ಸ್ಟೋರ್ ಕೀಪರ್ ತೂಕ ನೋಡಿ ಸಹಿ ಮಾಡಿದ್ದಾರೆ. ಬಿಲ್ಲನ್ನು ಅದೇ ದಿನ ಕೊಟ್ಟಿದ್ದೇವೆ. ಹಣ ಇನ್ನೂ ಬಂದಿಲ್ಲ."

'ತೂಕ ನೋಡಿ ಸಹಿ ಮಾಡಿದ್ದಾರೆ' ಅನ್ನುವುದನ್ನು ಬಿಡಿಸಲಿಲ್ಲ, ನೋಡಿ. ನೋಡಿದವರೂ ಸಹಿ ಮಾಡಿದವರೂ ಒಬ್ಬರೇ, ತೊಂದರೆಯಿಲ್ಲ. ಕರ್ತೃ ಬದಲಾದ ಕಡೆ ಮಾತ್ರ ವಾಕ್ಯ ಮುರಿಯಿರಿ.

ತಮ್ಮ, ತಾವು, ನಿಮ್ಮ

ಲಾರಿಯ ವಿಷಯಕ್ಕೆ ಬರೋಣ. 'ತಮ್ಮ' ಎರಡು ಕೆಲಸ ಮಾಡುತ್ತದೆ. ಎದುರಿನವರಿಗೆ ಗೌರವದಿಂದ 'ನಿಮ್ಮ' ಅನ್ನುವುದು ಒಂದು. 'ಅವರು ತಮ್ಮ ಮನೆಗೆ ಹೋದರು' ಅನ್ನುವಾಗ ಕರ್ತೃವಿನ ಸ್ವಂತದ್ದು ಅನ್ನುವುದು ಇನ್ನೊಂದು. ವಾಕ್ಯದಲ್ಲಿ 'ನಾವು' ಮತ್ತು 'ತಾವು' ಇಬ್ಬರೇ ಇದ್ದಾಗ ಪರವಾಗಿಲ್ಲ. ಮ್ಯಾನೇಜರ್, ಡ್ರೈವರ್, ಅಧಿಕಾರಿ ಅಂತ ಮೂರನೆಯವರು ಬಂದ ಕೂಡಲೇ 'ತಮ್ಮ' ಅಪಾಯ. ಆಗ 'ನಿಮ್ಮ ಗೋದಾಮು' ಅನ್ನಿ. ಇನ್ನೂ ಗಟ್ಟಿಯಾಗಬೇಕಾದರೆ ಊರಿನ ಹೆಸರು ಹಾಕಿ, 'ತಿಪಟೂರಿನ ನಿಮ್ಮ ಗೋದಾಮು'.

"ನಿಮ್ಮ ಅಂದ್ರೆ ಮರ್ಯಾದೆ ಕಮ್ಮಿ ಆಗಲ್ವಾ ಮೇಡಂ?" ಅಂತ ಕೇಳುತ್ತಾರೆ. ಆಗುವುದಿಲ್ಲ. 'ನೀವು' ಗೌರವದ ಮಾತೇ. ಜಿಲ್ಲಾಧಿಕಾರಿಗೋ ಬ್ಯಾಂಕಿನ ಹಿರಿಯರಿಗೋ ಬರೆಯುವಾಗ 'ತಾವು' ಬೇಕು ಅನ್ನಿಸಿದರೆ ಇಡಿ. ಒಂದೇ ಪತ್ರದಲ್ಲಿ ಮೇಲೆ 'ತಾವು', ಕೆಳಗೆ 'ನೀವು' ಬೇಡ. 'ತಾವುಗಳು' ಅಂತೂ ಬೇಡವೇ ಬೇಡ, 'ತಾವು' ಈಗಾಗಲೇ ಬಹುವಚನ.

'ಅವರು' ಕೂಡ ಹೀಗೇ. ಒಬ್ಬರಿಗೆ ಗೌರವವೋ, ನಾಲ್ಕು ಜನವೋ ತಿಳಿಯುವುದಿಲ್ಲ. "ಅವರು ಬಂದು ನೋಡಿದರು" ಅಂತ ಬರೆಯದೆ "ನಿಮ್ಮ ಸ್ಟೋರ್ ಕೀಪರ್ ಬಂದು ನೋಡಿದರು" ಅಂತ ಹುದ್ದೆಯನ್ನೇ ಮತ್ತೆ ಬರೆಯಿರಿ. ಪತ್ರದಲ್ಲಿ ಪದ ಮರುಕಳಿಸಿದರೆ ಯಾರೂ ಅಂಕ ಕಳೆಯುವುದಿಲ್ಲ.

ಮಾಡಲಾಗಿದೆ. ಯಾರು ಮಾಡಿದರು?

"ಚೆಕ್ ಕಳುಹಿಸಲಾಗಿದೆ." ಕಳಿಸಿದವರು ಮಾಯ. ಈ 'ಲಾಗಿದೆ' ಬೇಕಾದಾಗ ಬಳಸಿ, ಯಾರು ಅನ್ನುವುದು ಮುಖ್ಯವಲ್ಲದಿದ್ದಾಗ. ಹಣ, ಸರಕು, ದಾಖಲೆ ಕೈ ಬದಲಾಯಿಸುವ ಕಡೆ 'ಕಳುಹಿಸಿದ್ದೇವೆ' ಅನ್ನಿ.

ಬಳಸಿದಾಗ ವಿಭಕ್ತಿ ನೋಡಿಕೊಳ್ಳಿ. "ದಾಖಲೆಗಳು ಲಗತ್ತಿಸಲಾಗಿದೆ" ತಪ್ಪು. "ದಾಖಲೆಗಳನ್ನು ಲಗತ್ತಿಸಲಾಗಿದೆ" ಸರಿ. ಹಾಗೇ "ಚೀಲಗಳು ಬಂದಿದೆ" ಅಲ್ಲ, "ಚೀಲಗಳು ಬಂದಿವೆ". ಮಾತಿನಲ್ಲಿ ನಾವೆಲ್ಲ 'ಬಂದಿದೆ' ಅಂತಲೇ ಹೇಳುತ್ತೇವೆ, ಕಾಗದದಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಪಾವತಿಸಿದ್ದೇವೆಯೋ, ಪಾವತಿಸಿರುತ್ತೇವೆಯೋ

ಮನೆಯಲ್ಲಿ "ನೀವು ಬರೋ ಹೊತ್ತಿಗೆ ಅಡುಗೆ ಮಾಡಿರ್ತೀನಿ" ಅಂದರೆ ಅಡುಗೆ ಇನ್ನೂ ಆಗಿಲ್ಲ. ಕಚೇರಿ ಪತ್ರದಲ್ಲಿ "ಹಣ ಪಾವತಿಸಿರುತ್ತೇವೆ" ಅಂದರೆ ಕೊಟ್ಟಾಗಿದೆ ಅಂತ. ಒಂದೇ ರೂಪ, ಎರಡು ಕಾಲ. "ಜೂನ್ 10ರೊಳಗೆ ಪಾವತಿಸಿರುತ್ತೇವೆ" ಅಂತ ಜೂನ್ 8ರಂದು ಬರೆದ ಪತ್ರ ನನ್ನ ಮೇಜಿಗೆ ಬಂದಿತ್ತು. ಕೊಟ್ಟಿದ್ದಾರೋ, ಕೊಡುತ್ತಾರೋ? ಮುಗಿದಿದ್ದರೆ 'ಪಾವತಿಸಿದ್ದೇವೆ', ಮುಂದೆ ಆಗುವುದಾದರೆ 'ಪಾವತಿಸುತ್ತೇವೆ'. ಹಾಗೇ 'ಬಂದಿರುವುದಿಲ್ಲ' ಬೇಡ, 'ಬಂದಿಲ್ಲ' ಸಾಕು.

ಸಣ್ಣ ಪದ, ದೊಡ್ಡ ತಕರಾರು

"ಹಾಳಾದ ಕೊಬ್ಬರಿ ಚೀಲಗಳನ್ನು ವಾಪಸ್ ಕಳಿಸಿ." ಹಾಳಾದದ್ದು ಕೊಬ್ಬರಿಯೋ, ಗೋಣಿಚೀಲವೋ? ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿದ ಉಂಡೆ ಕೊಬ್ಬರಿಗೂ ಹರಿದ ಚೀಲಕ್ಕೂ ಬೆಲೆಯಲ್ಲಿ ಎಷ್ಟು ಅಂತರ! "ಕೊಬ್ಬರಿ ಹಾಳಾಗಿರುವ ಚೀಲಗಳು" ಅಥವಾ "ಹರಿದುಹೋದ ಚೀಲಗಳು" ಅಂತ ಬಿಡಿಸಿ ಹೇಳಿ.

'ಮಾತ್ರ' ತನ್ನ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. "ನಾವು ಮಾತ್ರ ಒಳ್ಳೆಯ ಸರಕು ಕೊಳ್ಳುತ್ತೇವೆ" ಅಂದರೆ ಬೇರೆಯವರೆಲ್ಲ ಕೆಟ್ಟದ್ದು ಕೊಳ್ಳುತ್ತಾರೆ ಅಂತಾಯಿತು. ಹೇಳಬೇಕಿದ್ದದ್ದು "ನಾವು ಒಳ್ಳೆಯ ಸರಕು ಮಾತ್ರ ಕೊಳ್ಳುತ್ತೇವೆ".

'ಹೊರತು' ಬಂದರೆ ನನಗೇ ತಲೆ ಸುತ್ತುತ್ತದೆ. "ಬಿಲ್ ಬಾರದ ಹೊರತು ಹಣ ಕೊಡಲಾಗದು" ಅಂತ ಒಬ್ಬರು, "ಬಿಲ್ ಬಂದ ಹೊರತು ಕೊಡಲಾಗದು" ಅಂತ ಇನ್ನೊಬ್ಬರು, ಇಬ್ಬರ ಅರ್ಥವೂ ಒಂದೇ. ಯಾಕೆ ಬೇಕು? "ಬಿಲ್ ಬಂದ ಮೇಲೆಯೇ ಹಣ ಕೊಡುತ್ತೇವೆ."

ತಾರೀಖಿನಲ್ಲಿ 'ಮುಂದಿನ ಶುಕ್ರವಾರ' ಬೇಡ. ಬುಧವಾರ ಕೂತು ಓದಿದವರಿಗೆ ಅದು ನಾಡಿದ್ದೋ, ಆಚೆ ವಾರವೋ? '20ರವರೆಗೆ' ಅಂದರೆ 20 ಸೇರಿದೆಯೋ ಇಲ್ಲವೋ ಅಂತ ಜಗಳ. 'ಮೇ 20ರ ಸಂಜೆ 5 ಗಂಟೆಯೊಳಗೆ' ಅಂದರೆ ಮುಗಿಯಿತು.

ಈ ತಾರೀಖುಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಾಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದ್ರೆ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, ನಿಮ್ಮ ಜೊತೆಗಿದೆ. ಕೊಂಡವರು ಸರಕು ಒಪ್ಪಿಕೊಂಡ ದಿನದಿಂದ, ಲಿಖಿತ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಅದು ಹೇಗಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಸರಕಿನ ಬಗ್ಗೆ ಆಕ್ಷೇಪ ಇದ್ದರೆ ತಲುಪಿದ 15 ದಿನದೊಳಗೆ ಅವರು ಬರಹದಲ್ಲಿ ತಿಳಿಸಬೇಕು. ತಿಳಿಸದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ದಿನ. ಹೀಗಿರುವಾಗ "ಮಾರ್ಚ್ ಮೊದಲ ವಾರದಲ್ಲಿ ಸರಕು ಕಳುಹಿಸಲಾಗಿರುತ್ತದೆ" ಅಂತ ಬರೆದರೆ ದಿನ ಎಲ್ಲಿಂದ ಎಣಿಸುವುದು? ಕಳುಹಿಸಿದ ದಿನ ಬೇರೆ, ತಲುಪಿದ ದಿನ ಬೇರೆ. ತಲುಪಿದ ದಿನವನ್ನೇ ಬರೆಯಿರಿ.

ಕಾಗುಣಿತ

ಒಂದೇ ಒಂದು ಎಚ್ಚರಿಕೆ. ಮುಕ್ತಾಯದಲ್ಲಿ "ತಮಗೆ ಕೃತಘ್ನರಾಗಿರುತ್ತೇವೆ" ಅಂತ ಬರೆದುಕೊಂಡು ಬಂದವರನ್ನು ಕಂಡಿದ್ದೇನೆ. ಕೃತಜ್ಞ ಅಂದರೆ ಉಪಕಾರ ನೆನೆಯುವವನು, ಕೃತಘ್ನ ಅಂದರೆ ಉಪಕಾರ ಮರೆಯುವವನು. ಸಾಲ ಕೇಳುವ ಪತ್ರದಲ್ಲಿ ಇಷ್ಟು ಪ್ರಾಮಾಣಿಕತೆ ಬೇಡ. 'ವಂದನೆಗಳೊಂದಿಗೆ' ಸಾಕು.

ಕೊನೆಗೆ: ಗಟ್ಟಿಯಾಗಿ ಓದಿಸಿ

ಬರೆದವರು ಓದಬಾರದು. ವಿಷಯ ಗೊತ್ತಿಲ್ಲದವರ ಕೈಲಿ ಓದಿಸಿ. ನಮ್ಮ ಅಂಗಡಿಯಲ್ಲಿ ಜೆರಾಕ್ಸ್ ಹುಡುಗ ಓದುತ್ತಾನೆ. ಅವನು ಎಲ್ಲಿ ತಡವರಿಸಿದನೋ ಅಲ್ಲಿ ವಾಕ್ಯ ಮುರಿಯುತ್ತೇನೆ. ಎಲ್ಲಿ "ಯಾರು ಅಕ್ಕ?" ಅಂತ ಕೇಳಿದನೋ ಅಲ್ಲಿ 'ನಾವು' ಅಥವಾ 'ನೀವು' ಸೇರಿಸುತ್ತೇನೆ. ಹಗ್ಗದ ಯಜಮಾನರ ಬಾಕಿ ಪತ್ರ ಅವನ ಎರಡು ಪ್ರಶ್ನೆಯ ನಂತರ ಹೀಗೆ ನಿಂತಿತು:

"ಮಾನ್ಯರೇ,

ಮಾರ್ಚ್ 6ರಂದು ನಾವು 120 ಸುರುಳಿ ತೆಂಗಿನ ನಾರಿನ ಹಗ್ಗವನ್ನು ತಿಪಟೂರಿನ ನಿಮ್ಮ ಗೋದಾಮಿಗೆ ತಲುಪಿಸಿದೆವು. ನಿಮ್ಮ ಸ್ಟೋರ್ ಕೀಪರ್ ತೂಕ ನೋಡಿ ಸಹಿ ಮಾಡಿದ್ದಾರೆ. ಸಹಿ ಇರುವ ಚಲನ್ ಮತ್ತು ಬಿಲ್‌ನ ಪ್ರತಿಗಳನ್ನು ಲಗತ್ತಿಸಿದ್ದೇವೆ.

ಈ ಬಿಲ್‌ನ ಮೊತ್ತ ರೂ. 40,000 (ನಲವತ್ತು ಸಾವಿರ ರೂಪಾಯಿ ಮಾತ್ರ). ಇದು ನಮಗೆ ಇನ್ನೂ ಬಂದಿಲ್ಲ. ಸರಕಿನ ಬಗ್ಗೆ ನಿಮ್ಮಿಂದ ಯಾವ ಆಕ್ಷೇಪವೂ ಬರಹದಲ್ಲಿ ಬಂದಿಲ್ಲ.

ದಯವಿಟ್ಟು ಈ ಮೊತ್ತವನ್ನು ಮೇ 20ರ ಸಂಜೆ 5 ಗಂಟೆಯೊಳಗೆ ನಮ್ಮ ಬ್ಯಾಂಕ್ ಖಾತೆಗೆ ಹಾಕಬೇಕೆಂದು ಕೋರುತ್ತೇವೆ. ಖಾತೆಯ ವಿವರ ಬಿಲ್‌ನಲ್ಲಿದೆ.

ವಂದನೆಗಳೊಂದಿಗೆ,"

ಹುಡುಗನ ಮೊದಲ ಪ್ರಶ್ನೆ, "ಚಲನ್ ಮೇಲೆ ಸಹಿ ಯಾರದು?" ಅಂತ. ಎರಡನೆಯದು, "ಯಾವ ಖಾತೆಗೆ?" ಅಂತ.

ಹಳೆಯ 'ನುಡಿ' ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಆ ಕಡತವನ್ನೇ ವಾಟ್ಸಾಪಿನಲ್ಲಿ ಕಳಿಸಬೇಡಿ. ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪಿಡಿಎಫ್ ಮಾಡಿ, ಇಲ್ಲವೇ ಮೊಬೈಲುಗಳಲ್ಲಿ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸಿ. ಮುದ್ರಿಸಿ ಕೊಡುವುದಾದರೆ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ.